ನೂರ ಹತ್ತು ಇಲ್ಲದ ರಸ್ತೆ

ಹದಿಮೂರು-ಎ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ರಸ್ತೆಯ ಒಂದು ನಂಬರಿಗೆ ಈ ಹೆಂಗಸು ಯಾಕೆ ಇಷ್ಟು ಹೌಹಾರುತ್ತಾಳೆ ಎಂದು ನೀವು ನಗುತ್ತೀರಿ. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಖಾಕಿ ತೊಟ್ಟು, ಕೊರಳಿಗೆ ಬ್ಯಾಗು ಹಾಕಿಕೊಂಡು, ನಿಂತೇ ಓಡಾಡಿದ್ದೇನೆ. ನಮ್ಮ ಕೆಲಸದಲ್ಲಿ ದಾರಿಯನ್ನು ಸ್ಟೇಜುಗಳಾಗಿ ಕತ್ತರಿಸಿರುತ್ತಾರೆ, ಟಿಕೆಟ್ ದರವೆಲ್ಲ ಅದರ ಮೇಲೆಯೇ. ಹಳ್ಳಕ್ಕೆ ಇಳಿದ ಬಸ್ಸಿನ ಕುಲುಕಾಟಕ್ಕೆ, ಬೇಕರಿಯಿಂದ ಬರುವ ವಾಸನೆಗೆ, ಕಣ್ಣು ಮುಚ್ಚಿದ್ದರೂ ಇದು ಐದನೆಯದು ಎಂದು ಹೇಳುತ್ತಿದ್ದೆ. ಐದಾದ ಮೇಲೆ ಆರು, ಆರಾದ ಮೇಲೆ ಏಳು. ಬರಗಾಲವೇ ಬರಲಿ, ಬಂದ್ ಇರಲಿ, ಇದು ಮಾತ್ರ ಬದಲಾಗಿದ್ದನ್ನು ನಾನು ನೋಡಿಲ್ಲ.

ಅಮೆರಿಕಕ್ಕೆ ಹೋಗಿದ್ದು ನನ್ನ ತಂಗಿ ಸರೋಜಳ ಮಗಳು ಮೇಘನಾಳ ಮದುವೆಗೆ. ಸರೋಜ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿದ್ದಾಳೆ, ಔಷಧದ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಗೆ ಕರೆಯಲು ಫೋನ್ ಮಾಡಿದವಳು ಹೇಳಿದ ಮಾತಿಗೆ ನಾನು ಕೂತಲ್ಲೇ ದಂಗಾದೆ.

"ಅಕ್ಕ, ನೀನು ಬರೀ ದೊಡ್ಡಮ್ಮ ಆಗಿ ಬರೋದು ಬೇಡ. ಸೋದರಮಾವ ಆಗಿ ಬಾ."

"ಏನಂದೆ? ಲೈನು ಸರಿ ಇಲ್ಲ ಕಣೆ."

"ಲೈನು ಸರಿಯಾಗೇ ಇದೆ. ಮೇಘನ್ನ ಮಂಟಪಕ್ಕೆ ಕೈ ಹಿಡಿದು ಕರ್ಕೊಂಡು ಬರೋಳು ನೀನೇ."

ನಮ್ಮ ಮದುವೆಗಳಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಅವಳ ತಾಯಿಯ ಅಣ್ಣನೋ ತಮ್ಮನೋ. ಸರೋಜಳಿಗೆ ಅಣ್ಣ ಇಲ್ಲ. ಇಲ್ಲ ಎನ್ನುವುದಕ್ಕಿಂತ, ಇದ್ದ. ಅವ್ವ ಹೆತ್ತಿದ್ದು ಮೂವರನ್ನು. ಮೊದಲು ನಾನು, ಆಮೇಲೆ ಒಬ್ಬ ಗಂಡುಮಗ, ಆಮೇಲೆ ಸರೋಜ. ನಡುವಿನವನು ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಗಿಬಿಟ್ಟ. ಅವ್ವ ಮಾತ್ರ ಸಾಯುವತನಕ ನನ್ನನ್ನು 'ಒಂದನೇದು' ಎಂದಳು, ಸರೋಜಳನ್ನು 'ಮೂರನೇದು' ಎಂದಳು. ಹೊಸದಾಗಿ ಪರಿಚಯವಾದವರು "ಎರಡನೇದು ಎಲ್ಲಿ?" ಎಂದು ಕೇಳಿದರೆ ಅವ್ವ ಕೈಕೆಲಸ ನಿಲ್ಲಿಸದೆ "ಅದು ಅವಂದು" ಎನ್ನುತ್ತಿದ್ದಳು, ಅಷ್ಟೇ. ಚಿಕ್ಕವರಿದ್ದಾಗ ಸರೋಜಳಿಗೆ ಇದರಿಂದ ಭಾರೀ ಸಿಟ್ಟು. "ಇರೋರು ಇಬ್ರು, ನಾನು ಹೆಂಗೆ ಮೂರನೇದು?" ಎಂದು ಕಾಲು ಅಪ್ಪಳಿಸಿ ಅಳುತ್ತಿದ್ದಳು.

ಅದೇ ಸರೋಜ ಈಗ ಆ ನಡುವಿನವನ ಜಾಗಕ್ಕೆ ನನ್ನನ್ನು ಕರೆಯುತ್ತಿದ್ದಳು. ಟೆಕ್ಸಾಸ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಮಂಜುನಾಥ ನಿಂತರಾಯಿತು ಎಂದು ಬೀಗರು ಹೇಳಿದ್ದರಂತೆ. ಒಳ್ಳೆಯ ಹುಡುಗನೇ. ಆದರೆ ಇವಳು ಪಟ್ಟು ಬಿಟ್ಟಿರಲಿಲ್ಲ. ನಮ್ಮ ಯಜಮಾನರು ಎಮ್ಮೆಗಳನ್ನು ಬಿಟ್ಟು ಬರುವುದಿಲ್ಲ ಎಂದರು. ನಾನೊಬ್ಬಳೇ ಹೊರಟೆ.

ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಸರೋಜಳ ಗಂಡ ಪ್ರಕಾಶ ಬಂದಿದ್ದ. ಕಾರು ರಸ್ತೆಗೆ ಬಿದ್ದದ್ದೇ ತಡ, ನನ್ನ ಜೀವ ಬಾಯಿಗೆ ಬಂತು. ಒಂದೇ ದಿಕ್ಕಿಗೆ ಅಷ್ಟೊಂದು ಸಾಲು! ಮನೆಯಷ್ಟು ದೊಡ್ಡ ಲಾರಿಗಳು ಎಡಕ್ಕೂ ಬಲಕ್ಕೂ. ಆದರೆ ಹಾರ್ನ್ ಮಾತ್ರ ಇಲ್ಲ. ಒಬ್ಬನಾದರೂ ಹಾರ್ನ್ ಹೊಡೆದರೆ ಇಷ್ಟು ಗಾಡಿಗಳಲ್ಲಿ ಮನುಷ್ಯರಿದ್ದಾರೆ ಎಂದು ಧೈರ್ಯ ಬರುತ್ತಿತ್ತು. ರಸ್ತೆಯ ಬದಿಯಲ್ಲಿ ನಡೆಯುವವರಿಲ್ಲ, ಕೈ ಅಡ್ಡ ಹಾಕುವವರಿಲ್ಲ, ಸೌತೆಕಾಯಿ ಮಾರುವವರಿಲ್ಲ. ಟೋಲ್ ದುಡ್ಡು ಕೂಡ ಯಾರೂ ಕೈ ಚಾಚದೆ ಗಾಳಿಯಲ್ಲೇ ಹೋಗುತ್ತದೆ ಎಂದು ಪ್ರಕಾಶ ಹೇಳಿದಾಗ, ಕಂಡಕ್ಟರ್ ಇಲ್ಲದೆ ಟಿಕೆಟ್ ಹರಿಯುವ ಈ ದೇಶದಲ್ಲಿ ನಮ್ಮಂಥವರ ಗತಿ ಏನು ಎಂದು ನಿಜವಾಗಿ ಹೆದರಿದೆ.

ಸಮಾಧಾನ ಕೊಟ್ಟಿದ್ದು ಹಸಿರು ಬೋರ್ಡುಗಳು. "ಅದು ಎಕ್ಸಿಟ್ ನಂಬರ್ ಗಿರಿಜಕ್ಕ, ಅಲ್ಲಿ ಇಳಿದ್ರೆ ಊರು ಸಿಗುತ್ತೆ" ಎಂದ ಪ್ರಕಾಶ. ಟರ್ನ್‌ಪೈಕ್ ಎಂಬ ಆ ರಸ್ತೆಗೆ ನಾವು ಹತ್ತಿದ್ದು ಹದಿಮೂರು-ಎ ಎಂಬಲ್ಲಿ. ಆಮೇಲೆ ಹದಿಮೂರು ಬಂತು, ಹನ್ನೆರಡು ಬಂತು, ಹನ್ನೊಂದು, ಹತ್ತು, ಒಂಬತ್ತು. ಒಂದೂ ತಪ್ಪಲಿಲ್ಲ. ನಾನು ಗಟ್ಟಿಯಾಗಿ ಎಣಿಸುತ್ತಾ ಹೋದೆ. ಎಂಟು-ಎ ಬಂದಾಗ ಪ್ರಕಾಶ ಇಂಡಿಕೇಟರ್ ಹಾಕಿದ. ನಂಬರಿನ ಹಿಂದೆ 'ಎ' ಇದ್ದರೆ ಅದು ನಮ್ಮ ಕೋರಿಕೆಯ ನಿಲುಗಡೆ ಇದ್ದ ಹಾಗೆ, ಊರಿನವರು ಕೇಳಿಕೊಂಡ ಮೇಲೆ ಹುಟ್ಟಿಕೊಂಡದ್ದು ಎಂದು ನಾನೇ ಅವನಿಗೆ ವಿವರಿಸಿದೆ. "ಕರೆಕ್ಟ್ ಇರ್ಬಹುದು" ಎಂದ. ಅಮೆರಿಕದ ರಸ್ತೆ ನನಗೆ ಅರ್ಥವಾಯಿತು ಎಂಬ ಜಂಬ ನನಗೆ ಬಂದದ್ದು ಆಗಲೇ.

ಎಂಟು-ಎ

ಸರೋಜಳ ಮನೆಯಲ್ಲಿ ನನಗೆ ದಿನಕ್ಕೊಂದು ಆಘಾತ. ಮದುವೆಗೆ ರಿಹರ್ಸಲ್ ಇದೆಯಂತೆ! ಮಂಟಪಕ್ಕೆ ಹೇಗೆ ನಡೆಯಬೇಕೆಂದು ಹೆಣ್ಣುಗಂಡು ಮೊದಲೇ ನಡೆದು ನೋಡುತ್ತಾರಂತೆ. ಹೋಮಕ್ಕೆ ಹಾಲ್‌ನವರು ಒಪ್ಪಿದ್ದೇ ಹೆಚ್ಚು, ಅಗ್ನಿಯ ಪಕ್ಕದಲ್ಲೇ ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರುತ್ತಾನಂತೆ. ಪುರೋಹಿತರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು. ಲ್ಯಾಪ್‌ಟಾಪಿನಲ್ಲಿ ಪಂಚೆ ಶಲ್ಯದೊಂದಿಗೆ ಕಾಣಿಸಿಕೊಂಡು, "ಅಜೆಂಡಾ ಶೇರ್ ಮಾಡಿದ್ದೀನಿ, ಎಲ್ಲರೂ ನೋಡಿದ್ರಾ?" ಎಂದು ಕೇಳಿದರು. ನಾನು ಕೈ ಮುಗಿಯಲು ಹೋದವಳು ಹಾಗೇ ಕೂತೆ.

ಮೇಘನಾ ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಆದರೆ 'ದೊಡ್ಡಮ್ಮ' ಎನ್ನುವಾಗ ಮಾತ್ರ ಆ 'ಡ್ಡ'ಕ್ಕೆ ಒಳ್ಳೆಯ ಒತ್ತು ಕೊಡುತ್ತಾಳೆ. ಬಂದ ಮರುದಿನ ಅವಳು ಒಂದು ದುಂಡು ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಜರಿಯಂಚಿನ ಮೈಸೂರು ಪೇಟ.

"ವೇರ್ ಇಟ್, ದೊಡ್ಡಮ್ಮ. ಸೋದರಮಾವ ಅಂದ್ರೆ ಪೇಟ ಮಸ್ಟ್."

"ಅಯ್ಯೋ ಶಿವನೇ, ಹೆಂಗಸು ಪೇಟ ಸುತ್ತೋದಾ? ನಾಲ್ಕು ಜನ ನಕ್ಕಾರು."

"ಲೆಟ್ ದೆಮ್. ಯು ವೋರ್ ಖಾಕಿ, ನೋ?"

ಖಾಕಿ ತೊಟ್ಟ ಮೊದಲ ದಿನ ನಮ್ಮೂರ ಬಸ್ಟ್ಯಾಂಡಿನಲ್ಲಿ ನಕ್ಕವರು ನಾಲ್ಕಲ್ಲ, ನಲವತ್ತು ಮಂದಿ. ಆಮೇಲೆ ಅವರೇ ನನ್ನ ಹತ್ತಿರ ಚಿಲ್ಲರೆಗೆ ಗೋಗರೆದರು.

ಪುರೋಹಿತರು ಮಾತ್ರ ಲ್ಯಾಪ್‌ಟಾಪಿನಿಂದಲೇ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು. "ನೋಡಿ ಮೇಡಂ, ಅಕ್ಕ ನಿಲ್ಲೋದಕ್ಕೆ ನನ್ನ ಅಭ್ಯಂತರ ಇಲ್ಲ. ಆದ್ರೆ ಮುಹೂರ್ತ ಟೈಟ್ ಆಗಿದೆ, ಹಾಲ್‌ದೂ ಟೈಮ್ ಇದೆ. ಆ ಹೊತ್ತಿಗೆ ಅವರು ಬಾಗಿಲಲ್ಲಿ ಇಲ್ಲ ಅಂದ್ರೆ ನಾನು ಮಂಜುನಾಥ್ ಅವರನ್ನ ಕರೀತೀನಿ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಸರೋಜ ನನ್ನ ಮುಖ ನೋಡಿದಳು. "ಬಸ್ಸು ಲೇಟ್ ಮಾಡೋಳಲ್ಲ ನಮ್ಮಕ್ಕ" ಎಂದಳು. ಆ ರಾತ್ರಿ ಪಾತ್ರೆ ಒರೆಸುತ್ತಾ ನನ್ನ ಹತ್ತಿರ ಮಾತ್ರ, "ಬೇರೆ ಯಾರೋ ಬಂದು ಆ ಜಾಗದಲ್ಲಿ ನಿಂತ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೆ" ಎಂದಳು. ಅಷ್ಟು ವರ್ಷ ಅವಳು ಆ ನಡುವಿನವನ ಮೇಲೆ ಸಿಟ್ಟು ಮಾಡಿಕೊಂಡಿದ್ದಾಳೆ ಎಂದೇ ನಾನು ತಿಳಿದಿದ್ದೆ.

ನೂರ ಮೂವತ್ತೊಂದು

ಮದುವೆಯ ದಿನ ಬೆಳಿಗ್ಗೆ ಮೇಕಪ್ಪು ಫೋಟೋ ಎಂದು ಎಲ್ಲರೂ ಹಾಲ್‌ಗೆ ಹೊರಟರು. ಹಾಲ್ ಇದ್ದದ್ದು ಸಮುದ್ರದ ಕಡೆಗೆ, ಪಾರ್ಕ್‌ವೇ ಎಂಬ ಇನ್ನೊಂದು ದೊಡ್ಡ ರಸ್ತೆಯ ಮೇಲೆ. ಹೂವಿನ ಹಾರಗಳೂ ಹೆಣ್ಣು ಕೈಯಲ್ಲಿ ಹಿಡಿಯುವ ಅಲಂಕಾರದ ತೆಂಗಿನಕಾಯಿಯೂ ಐಸೆಲಿನ್ ಎಂಬ ಊರಿನಲ್ಲಿ ಸಿದ್ಧವಿದ್ದವು. ಕಣ್ಣಲ್ಲಿ ನೋಡದೆ ಹಾರ ತರಿಸುವುದು ನನಗೆ ಒಗ್ಗದ ಕೆಲಸ. "ಹೂವು ನಾನೇ ನೋಡಿ ತರ್ತೀನಿ" ಎಂದು ಹಠ ಹಿಡಿದೆ. ನನ್ನನ್ನು ಕರೆದುಕೊಂಡು ಹೋಗುವ ಕೆಲಸ ಪಕ್ಕದ ಮನೆಯ ಶಿವಪುತ್ರಪ್ಪ ಅಂಕಲ್ ಮೇಲೆ ಬಿತ್ತು. ಗದಗಿನ ಕಡೆಯವರು, ನಿವೃತ್ತ ಇಂಜಿನಿಯರು. ನನಗಿಂತ ದೊಡ್ಡವರಾದರೂ ನನ್ನನ್ನು 'ಯಕ್ಕಾರ' ಎಂದೇ ಕರೆಯುತ್ತಿದ್ದರು.

ಐಸೆಲಿನ್‌ನ ಓಕ್ ಟ್ರೀ ರಸ್ತೆ ನೋಡಿ ನನಗೆ ಇನ್ನೊಂದು ಥರದ ಗಾಬರಿ. ಸೀರೆ ಅಂಗಡಿ, ಮಿಠಾಯಿ ಅಂಗಡಿ, ಕರಿಬೇವು, ಜನ, ಜಗಳ! ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟಿದ್ದರು? ಹೂವಿನ ಅಂಗಡಿಯಲ್ಲಿ ಮಲ್ಲಿಗೆಯನ್ನು ಮೊಸರಿನ ಹಾಗೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ನಾನು ಮೊಣಕೈ ಚಾಚಿ ಮೊಳ ಹಾಕಲು ಶುರು ಮಾಡಿದ್ದೇ, ಅಂಗಡಿಯ ಹುಡುಗಿ "ಆಂಟಿ, ಪ್ಲೀಸ್ ಡೋಂಟ್ ಟಚ್!" ಎಂದು ಚೀರಿದಳು. ಒಂದು ಹಾರದಲ್ಲಿ ಬಾಡಿದ ಗುಲಾಬಿ ಸಿಕ್ಕಿತು. ಬಿಚ್ಚಿಸಿ ಬೇರೆ ಕಟ್ಟಿಸಿದೆ. ಈ ವ್ಯಾಪಾರದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಕಾರು ಹತ್ತುವಾಗ ಶಿವಪುತ್ರಪ್ಪನವರ ಮುಖ ಬಿಳುಚಿತ್ತು. ಫೋನಿನ ಚಾರ್ಜ್ ಮುಗಿದು ಹೋಗಿತ್ತು. ಚಾರ್ಜ್ ಮಾಡುವ ವೈರು ಹೆಂಡತಿಯ ಕಾರಿನಲ್ಲಿತ್ತು.

"ಆಗಲಿ ಬಿಡಿ, ದಾರಿ ನಿಮಗೆ ಗೊತ್ತಲ್ಲ" ಎಂದೆ.

"ಎಲ್ಲೀದು ಗೊತ್ತಿರಬೇಕ್ರಿ? ಮೂವತ್ತ ವರ್ಷ ಆಫೀಸಿಗೆ ಹೋಗಾಕ ರೂಟ್ ಒನ್ ಮ್ಯಾಗ ಕಮ್ಯೂಟ್ ಮಾಡೀನಿ. ಅದು ಬಿಟ್ರ ಈ ಫೋನ್ಯಾಗಿನ ಹೆಂಗಸು ಹೇಳ್ತಾಳ, ನಾ ಸ್ಟೇರಿಂಗ್ ತಿರಗಸ್ತೀನಿ. ಇವತ್ತ ಆಕೀನೂ ಸತ್ತಳಲ್ರೀ ಯಕ್ಕಾರ!"

ನನ್ನ ಹತ್ತಿರ ಇದ್ದದ್ದು ಪ್ರಕಾಶ ಕೊಟ್ಟ ಹಳೆಯ ಗುಂಡಿ ಫೋನು. ಮಾತಾಡಬಹುದು ಅಷ್ಟೇ. ಸರೋಜಳಿಗೆ ಫೋನ್ ಹಚ್ಚಿದೆ. "ಅಯ್ಯೋ ಅಕ್ಕ, ಇನ್ನೂ ಐಸೆಲಿನ್‌ನಲ್ಲೇ ಇದ್ದೀರಾ? ಪಾರ್ಕ್‌ವೇ ಸೌತ್ ಹಿಡೀರಿ. ಎಕ್ಸಿಟ್ ನೂರ ಒಂಬತ್ತು. ಇಳಿದ ತಕ್ಷಣ ಹಾಲ್. ನೂರ ಒಂಬತ್ತು, ಮರೀಬೇಡ" ಎಂದಳು. ಹಿಂದೆ ನಾದಸ್ವರದ ರೆಕಾರ್ಡು ಕೇಳುತ್ತಿತ್ತು.

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. "ನೀವು ಡ್ರೈವರ್, ನಾನು ಕಂಡಕ್ಟರ್. ಸ್ಟಾಪ್ ಎಣಿಸೋ ಕೆಲಸ ನನಗೆ ಬಿಡಿ. ರೈಟ್, ರೈಟ್!"

ಶಿವಪುತ್ರಪ್ಪನವರಿಗೆ ಜೀವ ಬಂತು. ನಾವು ನೂರ ಮೂವತ್ತೊಂದರಲ್ಲಿ ಪಾರ್ಕ್‌ವೇ ಹತ್ತಿದೆವು.

ನೂರ ಹದಿನಾಲ್ಕು

ಮೊದಲ ಏಟು ಬಿದ್ದದ್ದು ಬೇಗನೇ. ನೂರ ಮೂವತ್ತು ಬಂತು, ನೂರ ಇಪ್ಪತ್ತೊಂಬತ್ತು ಬಂತು, ಆಮೇಲೆ ಬೋರ್ಡಿನಲ್ಲಿ ನೂರ ಇಪ್ಪತ್ತೇಳು.

"ಇಪ್ಪತ್ತೆಂಟು ಎಲ್ಲಿ?" ಎಂದು ಕೂಗಿದೆ.

"ಆ ಲಾರಿ ಮರ್ಯಾಗಿ ಕಂಡಿರಾಕಿಲ್ಲ ಬಿಡ್ರಿ."

ಕಂಡಿರಲಿಕ್ಕಿಲ್ಲವಂತೆ! ಕಂಡಕ್ಟರಿಗೆ ಹೇಳುವ ಮಾತೇ ಇದು? ಆದರೆ ಪಕ್ಕದಲ್ಲಿ ಉದ್ದನೆಯ ಲಾರಿ ಇದ್ದದ್ದು ನಿಜ. ನಮ್ಮವ್ವ ರಾಗಿ ಅಳೆಯುವಾಗ ಒಂದು ಎನ್ನದೆ 'ಲಾಭ' ಎಂದು ಶುರು ಮಾಡುತ್ತಿದ್ದಳು. ಇವರೂ ಆಗದ ಸಂಖ್ಯೆಗಳನ್ನು ನುಂಗುತ್ತಾರೇನೋ ಎಂದು ಒಂದು ಕ್ಷಣ ಅನ್ನಿಸಿತು. ನೂರ ಇಪ್ಪತ್ತಾರೂ ಕಾಣದೆ ಇಪ್ಪತ್ತೈದು ಬಂದಾಗ ಕಣ್ಣಿಗೆ ಪೊರೆ ಬಂದಿದೆಯೇ ಎಂದು ಭಯವಾಯಿತು. ಒಂದು ದೊಡ್ಡ ಸೇತುವೆ ದಾಟಿದ ಮೇಲೆ ಇಪ್ಪತ್ತನಾಲ್ಕು, ಇಪ್ಪತ್ತಮೂರು ಒಂದರ ಹಿಂದೆ ಒಂದು ಸರಿಯಾಗಿ ಬಂದವು. ಉಸಿರು ಬಿಟ್ಟೆ. ಲಾರಿಯದೇ ತಪ್ಪು.

ಅಲ್ಲಿ ರಸ್ತೆ ಎರಡಾಗಿ, ಒಂದು ಎಕ್ಸ್‌ಪ್ರೆಸ್, ಒಂದು ಲೋಕಲ್ ಎಂದು ಬರೆದಿತ್ತು. "ಲೋಕಲ್ ಹಿಡೀರಿ, ಎಲ್ಲಾ ಸ್ಟಾಪಿನಲ್ಲೂ ನಿಲ್ಲೋದು ನಮ್ಮ ಗಾಡಿ" ಎಂದೆ. ಅದೊಂದನ್ನು ಸರಿಯಾಗಿ ಹೇಳಿದೆ. ಆಮೇಲೆ ಇಪ್ಪತ್ತು, ಹದಿನೇಳು, ಹದಿನಾರು, ಹದಿನಾಲ್ಕು. ನಡುವಿನವು ಕಾಣದಿದ್ದಾಗಲೆಲ್ಲ ಲಾರಿಯನ್ನು ಬೈದೆ. ಲಾರಿ ಇಲ್ಲದ ಕಡೆ ಮರಗಳನ್ನು ಬೈದೆ. ಮರಗಳಂತೂ ಇದ್ದವು, ಎರಡೂ ಬದಿಗೆ ಗೋಡೆ ಕಟ್ಟಿದ ಹಾಗೆ.

ಸರೋಜಳ ಫೋನು ಬಂತು. "ಎಲ್ಲಿದ್ದೀರಾ? ಇಲ್ಲಿ ಗಂಡಿನ ಕಡೆಯವರು ಮಂಟಪಕ್ಕೆ ಬಂದಾಯ್ತು. ಭಟ್ರು ಮಂಜನ್ನ ಪಕ್ಕದಲ್ಲೇ ಕೂರಿಸ್ಕೊಂಡಿದ್ದಾರೆ."

"ನೂರ ಹದಿನಾಲ್ಕು ದಾಟಿದೆವು ಕಣೆ. ಬಂದೇ ಬಿಟ್ವಿ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು. ಇನ್ನೂ ನಾಲ್ಕು ಸ್ಟಾಪು ಕಳೆಯಬೇಕು, ಐದನೆಯದು ನಮ್ಮದು. ಹಾಲ್ ತಲುಪಿದ ಮೇಲೆ ಪೇಟ ಕಟ್ಟಿಕೊಳ್ಳಲು ಸಮಯವಿಲ್ಲ. ತೊಡೆಯ ಮೇಲಿದ್ದ ಪೇಟದ ಡಬ್ಬಿ ತೆಗೆದೆ. ಕಾರಿನ ಮುಂದೆ ಬಿಸಿಲು ತಡೆಯುವ ಹಲಗೆಯ ಹಿಂದೆ ಕನ್ನಡಿ ಇರುತ್ತದೆಂದು ಮೇಘನಾ ತೋರಿಸಿಕೊಟ್ಟಿದ್ದಳು. ಅದನ್ನು ಇಳಿಸಿ, ತುರುಬನ್ನು ಒಳಗೆ ಸೇರಿಸಿ, ಪೇಟವನ್ನು ಕೂರಿಸಲು ನೋಡಿದೆ. ಮುಡಿದ ಮಲ್ಲಿಗೆ ಅಡ್ಡ ಬರುತ್ತಿತ್ತು.

"ಬಂತೇನ್ರಿ ಯಕ್ಕಾರ?" ಶಿವಪುತ್ರಪ್ಪನವರು ಕೇಳಿದರು.

"ಇನ್ನೂ ನಾಲ್ಕಿವೆ. ಆರಾಮಾಗಿ ಓಡಿಸಿ."

ಪೇಟ ಕೂತಿತು. ಕನ್ನಡಿಯಲ್ಲಿ ಮುಖ ನೋಡಿ ಬೆಚ್ಚಿಬಿದ್ದೆ. ನನ್ನದೇ ಮೂಗು, ನನ್ನದೇ ಗಲ್ಲ, ಆದರೆ ಅದು ನಾನಲ್ಲ. ನಮ್ಮ ಮನೆಯ ಒಬ್ಬ ಗಂಡಸು ನನ್ನನ್ನು ನೋಡುತ್ತಿದ್ದ. ಬದುಕಿದ್ದರೆ ಹೀಗೇ ಇರುತ್ತಿದ್ದನೇನೋ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಕನ್ನಡಿ ಮಡಚಿ ತಲೆ ಎತ್ತಿದಾಗ ಬಲಗಡೆ ಒಂದು ಹಸಿರು ಬೋರ್ಡು ನಮ್ಮನ್ನು ದಾಟಿ ಹಿಂದೆ ಓಡುತ್ತಿತ್ತು.

ನೂರ ಒಂಬತ್ತು.

"ಹೋಲ್ಡಾನ್! ಹೋಲ್ಡಾನ್!" ಎಂದು ಡ್ಯಾಶ್‌ಬೋರ್ಡ್ ಬಡಿದೆ. "ಇದೇ! ಇದೇ ನಮ್ಮದು!"

"ಅಯ್ಯಯ್ಯೋ, ಇನ್ನೂ ನಾಕ ಅದಾವ ಅಂದ್ರೆಲ್ರೀ!"

"ಹತ್ತು ಬರಲೇ ಇಲ್ಲ! ಹನ್ನೊಂದೂ ಬರಲಿಲ್ಲ! ರಿವರ್ಸ್ ಹೊಡೀರಿ!"

"ರಿವರ್ಸಾ? ಇಲ್ಲೆ? ಯಕ್ಕಾರ, ಇಬ್ರೂ ಸಾಯ್ತೀವಿ, ಉಳಿದ್ರ ಜೈಲಿಗೆ ಹಾಕ್ತಾರ. ತಡೀರಿ, ನೂರ ಎಂಟರಾಗ ಇಳದು ಹೊಳ್ಳೂಣಂತ."

ಸರಿ, ನೂರ ಎಂಟು. ಇಬ್ಬರೂ ಕಣ್ಣು ಅಗಲಿಸಿಕೊಂಡು ಕೂತೆವು. ಮರ, ಮರ, ಮರ. ಲಾರಿ ಒಂದೂ ಇರಲಿಲ್ಲ. ಕೊನೆಗೆ ಹುಲ್ಲಿನ ಅಂಚಿನಲ್ಲಿ ಸೊಂಟದೆತ್ತರದ ಒಂದು ಪುಟ್ಟ ಹಸಿರು ಫಲಕ ಕಂಡಿತು. ಅದರ ಮೇಲೆ ನೂರ ಎಂಟು ಎಂದು ಬರೆದಿತ್ತು!

"ಬಂತು! ಇಳೀರಿ, ಬಲಕ್ಕೆ ತಗೊಳ್ಳಿ!"

"ಎಲ್ಲಿಗೆ ಇಳೀಲ್ರೀ? ರಸ್ತಾನೇ ಇಲ್ಲಲ್ಲ!"

ನಿಜ. ನಂಬರು ನಿಂತಿತ್ತು. ದಾರಿ ಇರಲಿಲ್ಲ. ಹುಲ್ಲು, ಬೇಲಿ, ಮರ ಅಷ್ಟೇ. ಆ ಫಲಕ ತನ್ನ ಪಾಡಿಗೆ ಅಲ್ಲಿ ನಿಂತಿದ್ದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಎಲ್ಲಿಗೂ ಹೋಗದ ಒಂದು ನಂಬರನ್ನು ಯಾರು, ಯಾತಕ್ಕೆ ಇಲ್ಲಿ ನೆಟ್ಟರು? ನೂರ ಏಳೂ ಹಾಗೆಯೇ ಹೋಯಿತು. ನೂರ ಆರೂ ಹೋಯಿತು. ನಾನು ಅಳುವುದಕ್ಕೆ ಶುರು ಮಾಡಿದೆ. ಪೇಟ ಇಟ್ಟುಕೊಂಡು ಅಳುವ ಹೆಂಗಸನ್ನು ಪಕ್ಕದ ಕಾರಿನ ಮಗುವೊಂದು ಗಾಜಿಗೆ ಮೂಗು ಒತ್ತಿ ನೋಡುತ್ತಿತ್ತು.

ನೂರ ಐದು

ಇಳಿಯಲು ದಾರಿ ಸಿಕ್ಕಿದ್ದು ನೂರ ಐದರಲ್ಲಿ. ಇಳಿದು ಒಂದು ಪೆಟ್ರೋಲ್ ಬಂಕಿಗೆ ನುಗ್ಗಿದೆವು. ಈ ರಾಜ್ಯದಲ್ಲಿ ನಿಮ್ಮ ಗಾಡಿಗೆ ನೀವೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲವಂತೆ, ಬಂಕಿನವರೇ ಬಂದು ಹಾಕಬೇಕು. ಅಷ್ಟು ದಿನಗಳಲ್ಲಿ ರಸ್ತೆಯ ಮೇಲೆ ನಿಂತು ಕೆಲಸ ಮಾಡುವ ಮನುಷ್ಯನನ್ನು ನಾನು ಕಂಡದ್ದು ಅಲ್ಲೇ. ಶಿವಪುತ್ರಪ್ಪನವರು ವಾಪಸ್ ದಾರಿ ಕೇಳಲು ಅವನ ಹತ್ತಿರ ಓಡಿದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

ಸರೋಜ ಎಂದುಕೊಂಡೆ. ಮೇಘನಾ.

"ವೇರ್ ಆರ್ ಯು, ದೊಡ್ಡಮ್ಮ?"

"ನೂರ ಐದರಲ್ಲಿ ಇದ್ದೀನಿ ಕಂದಾ. ನಿನ್ನ ಮದುವೆ ಹಾಳು ಮಾಡಿದೆ. ನಾಲ್ಕು ಸ್ಟಾಪು ಇದೆ ಅಂದ್ಕೊಂಡೆ. ನೂರ ಹತ್ತು ಎಲ್ಲಿ ಹೋಯ್ತು? ನಾನು ಕಾದೇ ಕಾದೆ, ಬರಲೇ ಇಲ್ಲ."

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. "ದೇರ್ ಈಸ್ ನೋ ಒನ್ ಟೆನ್. ಪಾರ್ಕ್‌ವೇನಲ್ಲಿ ನಂಬರ್ ಈಸ್ ದ ಮೈಲ್, ದೊಡ್ಡಮ್ಮ. ಸ್ಟಾಪ್ ಕೌಂಟ್ ಅಲ್ಲ. ಟರ್ನ್‌ಪೈಕ್‌ನಲ್ಲಿ ಅವರು ಎಣಿಸ್ತಾರೆ, ಇಲ್ಲಿ ಅಳೀತಾರೆ."

"ಹಾಗಾದ್ರೆ ನೂರ ಎಂಟು ಅಂತ ನಿಂತಿತ್ತಲ್ಲ, ನಾನೇ ನೋಡಿದೆ?"

"ಮೈಲ್ ಇದೆ. ಎಕ್ಸಿಟ್ ಇಲ್ಲ, ಅಷ್ಟೇ. ಆ ನಂಬರ್ ಬೇರೆಯವ್ರಿಗೆ ಕೊಡಲ್ಲ, ಸ್ಕಿಪ್ ಮಾಡ್ತಾರೆ."

ಅವ್ವ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ರೊಟ್ಟಿ ತಟ್ಟುತ್ತಾ "ಅದು ಅವಂದು" ಎಂದದ್ದು ಕಿವಿಯ ಪಕ್ಕದಲ್ಲೇ ಹೇಳಿದ ಹಾಗಾಯಿತು. ಆ ಮುದುಕಿ ಎಣಿಸುತ್ತಿರಲಿಲ್ಲ, ಅಳೆಯುತ್ತಿದ್ದಳು. ಇಷ್ಟು ವಯಸ್ಸಾದ ಮೇಲೆ, ಯಾವುದೋ ದೇಶದ ಪೆಟ್ರೋಲ್ ಬಂಕಿನಲ್ಲಿ ನನಗದು ಗೊತ್ತಾಯಿತು.

"ಭಟ್ರು ಮಂಜನ್ನ ಕರೀಲಿ ಬಿಡು" ಎಂದೆ. "ನಿನ್ನ ಮುಹೂರ್ತ ತಪ್ಪಬಾರದು."

"ನೋ." ಅವಳ ಇಂಗ್ಲಿಷು ಥಟ್ಟನೆ ನಿಂತಿತು. "ನಾನು ರೂಮ್ ಲಾಕ್ ಮಾಡಿದ್ದೀನಿ. ಅಮ್ಮ ಹೊರಗೆ ನಿಂತು ಅಳ್ತಾ ಇದ್ದಾಳೆ. ನೀನು ಬರೋವರೆಗೂ ನಾನು ಬಾಗಿಲು ತೆಗೆಯಲ್ಲ. ಬೇಗ ಬಾ."

ಶಿವಪುತ್ರಪ್ಪನವರು ಓಡಿ ಬಂದು ಸೀಟಿಗೆ ಬಿದ್ದರು. "ಗೊತ್ತಾತ್ರಿ! ಉತ್ತರಕ್ಕ ಹತ್ತಿದ್ರ ಮೊದಲ ಬರೂದ ನೂರ ಒಂಬತ್ತಂತ. ನಡುವ ಏನೂ ಇಲ್ಲಂತ!"

"ನಡುವೆ ಇವೆ" ಎಂದೆ. "ಇಳಿಯೋಕೆ ಆಗಲ್ಲ ಅಷ್ಟೇ. ಓಡಿಸಿ."

ನೂರ ಒಂಬತ್ತು

ಹಿಂದಕ್ಕೆ ಬರುವಾಗ ಆ ಪುಟ್ಟ ಫಲಕಗಳನ್ನು ಒಂದೂ ಬಿಡದೆ ನೋಡಿದೆ. ನೂರ ಆರು, ನೂರ ಏಳು, ನೂರ ಎಂಟು, ಹುಲ್ಲಿನಲ್ಲಿ ತಂತಮ್ಮ ಜಾಗದಲ್ಲೇ ಇದ್ದವು. ಈ ಸಲ ಯಾರನ್ನೂ ಬೈಯಲಿಲ್ಲ.

ಹಾಲ್‌ನ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಓಡುವ ಗಾಡಿಯಿಂದ ಇಳಿಯುವುದು ನನಗೆ ಹೊಸದಲ್ಲ. ಒಂದು ಕೈಯಲ್ಲಿ ಹಾರಗಳ ಡಬ್ಬಿ, ಇನ್ನೊಂದರಲ್ಲಿ ಅಲಂಕಾರದ ತೆಂಗಿನಕಾಯಿ, ರೇಷ್ಮೆ ಸೀರೆ, ತಲೆಯ ಮೇಲೆ ಪೇಟ. ಬಾಗಿಲಲ್ಲಿ ನಿಂತಿದ್ದ ಸೂಟಿನ ಮನುಷ್ಯ ಬಾಯಿ ಬಿಟ್ಟು ಸರಿದು ನಿಂತ. ಬಂದಾಗಿನಿಂದ ಈ ದೇಶ ನನ್ನನ್ನು ಬೆಚ್ಚಿಬೀಳಿಸುತ್ತಲೇ ಇತ್ತು, ಈಗ ಸರದಿ ಅವರದು. ಗಂಡಿನ ಕಡೆಯ ಸಾಲಿನಿಂದ ಗುಸುಗುಸು ಎದ್ದಿತು. ಯಾರೋ ಹೆಂಗಸು "ಅಯ್ಯ, ಇದೇನ್ರೀ!" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಮಂಜುನಾಥ ಪುರೋಹಿತರ ಪಕ್ಕದಿಂದ ಎದ್ದು, ತನ್ನ ತಲೆಯ ಮೇಲಿದ್ದ ಪೇಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕಡೆ ನೋಡಿ ನಕ್ಕ. ಮೊದಲೇ ಹೇಳಿದೆನಲ್ಲ, ಒಳ್ಳೆಯ ಹುಡುಗ.

ಸರೋಜ ರೂಮಿನ ಬಾಗಿಲಿಗೆ ಒರಗಿ ನಿಂತಿದ್ದಳು, ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ನನ್ನನ್ನು ನೋಡಿದವಳು ಏನೋ ಬೈಯಲು ಬಾಯಿ ತೆರೆದಳು. ಪೇಟದ ಕೆಳಗಿನ ನನ್ನ ಮುಖವನ್ನು ಹಾಗೇ ನೋಡುತ್ತಾ ನಿಂತುಬಿಟ್ಟಳು. ಬೈಗುಳ ಬರಲೇ ಇಲ್ಲ. ಬಾಗಿಲು ತಟ್ಟಿ, "ಮೇಘಾ, ಬಂದ್ರು" ಎಂದಳು.

ಬಾಗಿಲು ತೆರೆಯಿತು. ಮೇಘನಾಳ ಕೈಗೆ ತೆಂಗಿನಕಾಯಿ ಕೊಟ್ಟು, ಮೊಣಕೈ ಹಿಡಿದು ಹಾಲ್‌ನ ಬಾಗಿಲಿಗೆ ತಂದು ನಿಲ್ಲಿಸಿದೆ. ಎದುರಿಗೆ ಉದ್ದನೆಯ ದಾರಿ, ಆ ತುದಿಯಲ್ಲಿ ಮಂಟಪ, ಅಗ್ನಿಯ ಪಕ್ಕದಲ್ಲಿ ಸಿಲಿಂಡರ್ ಹಿಡಿದ ಮನುಷ್ಯ. ಪುರೋಹಿತರು ಕೈಗಡಿಯಾರ ನೋಡಿಕೊಂಡು ಮೈಕ್ ಎತ್ತಿದರು. ಕನ್ನಡ ಬಾರದ ಅತಿಥಿಗಳಿಗೂ ತಿಳಿಯಲೆಂದು ಪ್ರತಿಯೊಂದನ್ನೂ ಇಂಗ್ಲಿಷಿನಲ್ಲಿ ಹೇಳುವುದು ಅವರ ಅಜೆಂಡಾದಲ್ಲಿತ್ತು.

"ಆಂಡ್ ನೌ, ದ ಬ್ರೈಡ್ ಈಸ್ ಎಸ್ಕಾರ್ಟೆಡ್ ಬೈ ಹರ್ ಮೆಟರ್ನಲ್ ಅಂಕಲ್, ಮಿಸ್ಟರ್..."

ಅಲ್ಲಿಗೆ ನಿಂತರು. ಮೈಕನ್ನು ಸ್ವಲ್ಪ ತಗ್ಗಿಸಿ, ನಮ್ಮ ಹಿಂದೆ ನಿಂತಿದ್ದ ಸರೋಜಳನ್ನು ಕೇಳಿದರು. "ಸೋದರಮಾವನ ಹೆಸರು ಏನಂತ ಹೇಳ್ಲಿ ಮೇಡಂ?"

ಗಿರಿಜಮ್ಮ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸರೋಜ ನನ್ನ ಪಕ್ಕಕ್ಕೆ ಬಂದಳು. ಇಡೀ ಹಾಲ್ ನಮ್ಮನ್ನೇ ನೋಡುತ್ತಿತ್ತು.

"ಹೆಸರಿಡೋಕೆ ಆಗ್ಲಿಲ್ಲ" ಎಂದಳು. "ನಾನು ಮೂರನೇದು. ಇವಳು ಒಂದನೇದು. ಎರಡನೇದು ಅಂತ ಹೇಳಿ."

ಪುರೋಹಿತರು ಮೈಕ್ ಎತ್ತಿ, ಇಂಗ್ಲಿಷನ್ನು ಬದಿಗಿಟ್ಟು, ಮಂತ್ರ ಹೇಳುವ ದನಿಯಲ್ಲೇ ಹೇಳಿದರು. "ವಧುವಿನ ಸೋದರಮಾವ, ಎರಡನೆಯವರು."

ಮೇಘನಾಳ ಕೈ ನನ್ನ ಕೈಯೊಳಗೆ ಒದ್ದೆಯಾಗಿತ್ತು. "ದೊಡ್ಡಮ್ಮ, ಹೋಗೋಣ್ವಾ?" ಎಂದು ಪಿಸುಗುಟ್ಟಿದಳು.

ನಾನು ಪೇಟ ನೆಟ್ಟಗೆ ಮಾಡಿಕೊಂಡೆ.

"ರೈಟ್" ಎಂದೆ. "ರೈಟ್, ರೈಟ್."